ಮಳೆಗಾಲದ ಐಆರ್ ಸ್ಪೆಕ್ಟ್ರಂ: ಇಲ್ಲದ ಓಎಚ್ ಎಲ್ಲಿಂದ ಬಂತು?

ಜೂನ್ ಬಂತೆಂದರೆ ಮಡಿಕೇರಿಯ ಲ್ಯಾಬಿನ ಐಆರ್ (ಇನ್‌ಫ್ರಾರೆಡ್) ಸ್ಪೆಕ್ಟ್ರಂನಲ್ಲಿ ಎಲ್ಲ ಸಂಯುಕ್ತಗಳೂ ಓಎಚ್ (ಆಮ್ಲಜನಕ-ಹೈಡ್ರೋಜನ್ ಬಂಧ) ಇರುವ ಆಲ್ಕೋಹಾಲ್ ಆಗಿಬಿಡುತ್ತವೆ. ಕೀಟೋನ್ ಹಾಕಿದರೂ 3400ರ ಹತ್ತಿರ ಅಗಲವಾದ ಬ್ಯಾಂಡ್, ಎಸ್ಟರ್ ಹಾಕಿದರೂ ಅದೇ, ಏನೂ ಹಾಕದಿದ್ದರೂ ಅದೇ. ಮಾರ್ಚ್‌ನಲ್ಲಿ ಚೆನ್ನಾಗಿ ಬಂದಿದ್ದ ಸ್ಯಾಂಪಲ್ ಜುಲೈಯಲ್ಲಿ ಗುರುತೇ ಸಿಗದ ಹಾಗೆ ಕಾಣುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಉಪ್ಪಿನ ಬಿಲ್ಲೆ ಒತ್ತಿ ಸ್ಪೆಕ್ಟ್ರಂ ತೆಗೆಯಲು ಕೂತರೆ ಇದು ಆಗಲೇಬೇಕು.

ಕೊಡಗಿನ ಕಾಲೇಜುಗಳಲ್ಲಿ ಬಿಎಸ್ಸಿ, ಎಂಎಸ್ಸಿ ಪ್ರಾಜೆಕ್ಟ್ ಮಾಡುವವರಿಗಾಗಿ ಇದನ್ನು ಬರೆದಿದ್ದೇನೆ. ಕುಶಾಲನಗರದ ಕಡೆಯವರಿಗೆ ತೊಂದರೆ ಸ್ವಲ್ಪ ಕಡಿಮೆ, ಭಾಗಮಂಡಲದ ಕಡೆಯವರಿಗೆ ಜಾಸ್ತಿ. ಇಲ್ಲಿರುವ ಪೀಕ್, ಬ್ಯಾಂಡ್‌ಗಳ ಸಂಖ್ಯೆಗಳೆಲ್ಲ ತರಂಗಸಂಖ್ಯೆಗಳು, ಸೆಂ.ಮೀ.⁻¹ ಲೆಕ್ಕದಲ್ಲಿ. ಪ್ರತಿ ಸಲ ಬರೆಯುವುದಿಲ್ಲ.

ಕೆಲಸ ಹೇಗೆ ನಡೆಯುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ಅಣುವಿನ ಬಂಧಗಳು ಸದಾ ಕಂಪಿಸುತ್ತಿರುತ್ತವೆ. ತಮ್ಮ ಕಂಪನಕ್ಕೆ ಹೊಂದುವ ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುತ್ತವೆ. ಹೀರಿದ ಜಾಗದಲ್ಲಿ ಪೀಕ್ ಬರುತ್ತದೆ. ಕಾರ್ಬೊನಿಲ್ (ಸಿ=ಓ) 1650ರಿಂದ 1800ರೊಳಗೆ, ನೈಟ್ರೈಲ್ (ಇಂಗಾಲ-ನೈಟ್ರೋಜನ್ ತ್ರಿಬಂಧ) 2250ರ ಹತ್ತಿರ, ಓಎಚ್ 3200ರಿಂದ 3600ರವರೆಗೆ, ಹೀಗೆ ಒಂದೊಂದು ಕ್ರಿಯಾತ್ಮಕ ಗುಂಪಿಗೂ ಒಂದೊಂದು ಜಾಗ. ತೊಂದರೆ ಏನೆಂದರೆ ನೀರಿಗೂ ಬಂಧಗಳಿವೆ, ಗಾಳಿಯ ಇಂಗಾಲದ ಡೈಆಕ್ಸೈಡ್‌ಗೂ ಇವೆ, ನಿನ್ನೆ ಬೀಕರ್ ತೊಳೆದ ಅಸಿಟೋನ್‌ಗೂ ಇವೆ. ಯಂತ್ರ ಯಾರದ್ದು ಏನೆಂದು ಕೇಳುವುದಿಲ್ಲ. ಎಲ್ಲವನ್ನೂ ಒಂದೇ ಗೆರೆಯಲ್ಲಿ ಬರೆದುಕೊಡುತ್ತದೆ.

ಸ್ಯಾಂಪಲ್ ಮುಟ್ಟುವ ಮುಂಚೆ

ಏನೋ ಸರಿಯಿಲ್ಲ ಅನ್ನಿಸಿದ ಕೂಡಲೇ ಚಾರ್ಟ್ ತೆಗೆದು ಪೀಕ್ ಹೊಂದಿಸಲು ಹೋಗಬೇಡಿ. ಮೊದಲು ಮೂರು ಓಟ ಓಡಿಸಿ. ಒಂದು, ಖಾಲಿ ಚೇಂಬರ್. ಹೊಸ ಬ್ಯಾಕ್‌ಗ್ರೌಂಡ್ (ಹೋಲಿಸಲು ಸ್ಯಾಂಪಲ್ ಇಲ್ಲದೆ ಓಡಿಸಿದ್ದು) ತೆಗೆದು, ತಕ್ಷಣ ಖಾಲಿ ಚೇಂಬರನ್ನೇ ಸ್ಯಾಂಪಲ್ ಎಂದು ಓಡಿಸಿದರೆ ಶೇ. 100 ಟ್ರಾನ್ಸ್‌ಮಿಟೆನ್ಸ್‌ನ (ದಾಟಿ ಹೋದ ಬೆಳಕಿನ ಪ್ರಮಾಣ) ಹತ್ತಿರ ನೇರ ಗೆರೆ ಬರಬೇಕು. ಎರಡು, ಸ್ಯಾಂಪಲ್ ಇಲ್ಲದ ಬರೀ ಕೆಬಿಆರ್ ಪೆಲೆಟ್, ಅಂದರೆ ಪೊಟ್ಯಾಸಿಯಂ ಬ್ರೋಮೈಡ್ ಉಪ್ಪಿನ ಬಿಲ್ಲೆ. ಮೂರು, ಯಂತ್ರದ ಜೊತೆ ಬರುವ ಪಾಲಿಸ್ಟೈರೀನ್ ಫಿಲ್ಮ್. ಅದರ 1601ರ ಪೀಕ್ ಅದೇ ಜಾಗದಲ್ಲಿದೆಯಾ, 3026, 1028 ಸರಿಯಾಗಿವೆಯಾ ನೋಡಿ.

ಖಾಲಿ ಓಟ ಕೆಟ್ಟಿದ್ದರೆ ತಪ್ಪು ಯಂತ್ರದಲ್ಲೋ ಗಾಳಿಯಲ್ಲೋ ಇದೆ. ಖಾಲಿ ಸರಿಯಿದ್ದು ಬರೀ ಪೆಲೆಟ್ ಕೆಟ್ಟಿದ್ದರೆ ಕೆಬಿಆರ್ ತೇವ ಹಿಡಿದಿದೆ. ಮೂರೂ ಸರಿಯಿದ್ದರೆ ಮಾತ್ರ ಸ್ಯಾಂಪಲ್ ಕಡೆ ತಿರುಗಿ. ಇದಕ್ಕೆ ಹಿಡಿಯುವುದು ಹತ್ತು ಹದಿನೈದು ನಿಮಿಷ. ಇದನ್ನು ಬಿಟ್ಟವರು ಮಧ್ಯಾಹ್ನವಿಡೀ ಇಲ್ಲದ ಓಎಚ್‌ಗೆ ರಚನೆ ಬರೆಯುತ್ತಾ ಕೂತಿರುತ್ತಾರೆ.

3400ರಲ್ಲಿ ಅಗಲವಾದ ಬ್ಯಾಂಡ್, 1640ರಲ್ಲಿ ಇನ್ನೊಂದು

ನಮ್ಮ ಕಡೆಯ ಮುಖ್ಯ ಕಾಯಿಲೆ ಇದೇ. ಕೆಫೀನ್‌ನಿಂದಲೇ ಶುರು ಮಾಡೋಣ. ಕೊಡಗಿನಲ್ಲಿ ಕಾಫಿ ಬೀಜ ಸಿಗದ ಮನೆ ಇಲ್ಲ, ಹಾಗಾಗಿ ಕೆಫೀನ್ ತೆಗೆಯುವ ಪ್ರಯೋಗ ಎಲ್ಲರೂ ಮಾಡುತ್ತಾರೆ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುವುದರಿಂದ ಅದನ್ನೇ ಆರಿಸಿಕೊಳ್ಳುತ್ತಾರೆ. ಸೋಡಿಯಂ ಕಾರ್ಬೊನೇಟ್ ಹಾಕಿ ಕುದಿಸಿ, ಡೈಕ್ಲೋರೋಮೀಥೇನ್‌ನಲ್ಲಿ ಸೆಳೆದು, ಬಿಳಿ ಸೂಜಿಯಂಥ ಹರಳು ಬಂದಾಗ ಖುಷಿಯೋ ಖುಷಿ. ಐಆರ್ ತೆಗೆದರೆ 3430ರಲ್ಲಿ ದೊಡ್ಡ ಗುಡ್ಡ. “ಸರ್, ಇದ್ರಲ್ಲಿ ಓಎಚ್ ಇದೆ, ಇಲ್ಲಾಂದ್ರೆ ಎನ್‌ಎಚ್ ಇದೆ.”

ಎರಡೂ ಇಲ್ಲ. ಕೆಫೀನ್‌ನ ರಚನೆ ಬರೆದು ನೋಡಿ. ಹೈಡ್ರೋಜನ್ ಇರಬಹುದಾಗಿದ್ದ ಮೂರು ನೈಟ್ರೋಜನ್‌ಗಳ ಮೇಲೂ ಮೀಥೈಲ್ ಕೂತಿದೆ. ಓಎಚ್ ಅಂತೂ ಇಲ್ಲವೇ ಇಲ್ಲ. ಶುದ್ಧ, ಒಣ ಕೆಫೀನ್‌ನಲ್ಲಿ 3200ಕ್ಕಿಂತ ಮೇಲೆ ಹೇಳಿಕೊಳ್ಳುವಂಥದ್ದು ಏನೂ ಬರಬಾರದು. 3110ರ ಹತ್ತಿರ ಒಂದು ಚೂಪು ಸಿ-ಎಚ್, 2950ರಲ್ಲಿ ಮೀಥೈಲ್, 1700 ಮತ್ತು 1660ರಲ್ಲಿ ಎರಡು ಗಟ್ಟಿ ಕಾರ್ಬೊನಿಲ್, 1550ರ ಹತ್ತಿರ ಉಂಗುರದ್ದು. ಇಷ್ಟೇ.

ಹಾಗಾದರೆ ಆ ಗುಡ್ಡ ನೀರಿನದು. ನೀರು ಯಾವಾಗಲೂ ಜೋಡಿಯಾಗಿ ಬರುತ್ತದೆ. 3400ರ ಸುತ್ತ ಅಗಲವಾದದ್ದು ಓಎಚ್ ಎಳೆತ, 1640ರ ಹತ್ತಿರ ಸಣ್ಣದು ನೀರಿನ ಅಣುವಿನ ಬಾಗುವಿಕೆ. ಆಲ್ಕೋಹಾಲ್‌ಗೆ ಎರಡನೆಯದು ಇರುವುದಿಲ್ಲ. ಅದರ ಬದಲು 1000ದಿಂದ 1260ರೊಳಗೆ ಗಟ್ಟಿಯಾದ ಸಿ-ಓ ಪೀಕ್ ಇರಲೇಬೇಕು. 3400 ಇದೆ, ಸಿ-ಓ ಇಲ್ಲ, 1640 ಇದೆ ಅಂದರೆ ಬೇರೆ ಯೋಚನೆ ಬೇಡ.

ಬೇರೆ ಊರಿನ ಪುಸ್ತಕಗಳಲ್ಲಿ ಇಷ್ಟಕ್ಕೆ ವಿಷಯ ಮುಗಿಯುತ್ತದೆ. ನಮಗೆ ಮುಗಿಯುವುದಿಲ್ಲ. ಯಾಕೆಂದರೆ ಇಲ್ಲಿ ನಾವು ಪ್ರಯೋಗಕ್ಕೆ ತರುವ ವಸ್ತುಗಳೇ 1640ರ ಆಸುಪಾಸಿನಲ್ಲಿ ಮನೆ ಮಾಡಿಕೊಂಡಿವೆ. ಕೆಫೀನ್‌ನ ಎರಡನೇ ಕಾರ್ಬೊನಿಲ್ 1660. ಕರಿಮೆಣಸಿನ ಪೈಪರೀನ್‌ನ ಅಮೈಡ್ ಕಾರ್ಬೊನಿಲ್ 1633. ಕೊಡಗಿನ ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಮುಖ್ಯವಾಗಿರುವ ಲಿಮೊನೀನ್‌ನ ಸಿ=ಸಿ 1644. ನೀರು ಬಂದು ಕೂರುವುದೂ ಅಲ್ಲೇ! ಆದ್ದರಿಂದ “1640ರಲ್ಲಿ ಪೀಕ್ ಇದೆ, ನೀರು” ಅನ್ನುವಂತಿಲ್ಲ, “ಪೀಕ್ ಇದೆ, ಪೈಪರೀನ್ ಸಿಕ್ಕಿತು” ಅನ್ನುವಂತೆಯೂ ಇಲ್ಲ.

ಬಿಡಿಸುವ ದಾರಿ ಹೀಗಿದೆ. ಮೊದಲು ಎರಡರ ಎತ್ತರ ಹೋಲಿಸಿ. ನೀರಿನಲ್ಲಿ 3400 ದೊಡ್ಡದು, 1640 ಚಿಕ್ಕದು. 1633ರ ಪೀಕ್ ಗಟ್ಟಿಯಾಗಿ, ಕಿರಿದಾಗಿ ನಿಂತಿದ್ದು 3400ರಲ್ಲಿ ಸುಮ್ನೆ ಸ್ವಲ್ಪ ಉಬ್ಬಿದ್ದರೆ ಅದು ಪೈಪರೀನ್‌ನದ್ದೇ. ಪೈಪರೀನ್ ಕೂಡ ಕೆಫೀನ್ ಹಾಗೆಯೇ, ಅಮೈಡ್ ಆದರೂ ಅದರ ನೈಟ್ರೋಜನ್ ಮೇಲೆ ಹೈಡ್ರೋಜನ್ ಇಲ್ಲ. ಅಮೈಡ್ ಅಂದಮೇಲೆ ಎನ್‌ಎಚ್ ಇರಬೇಕಲ್ವಾ ಎಂದು 3300ರಲ್ಲಿ ಹುಡುಕಬೇಡಿ. ಅದರ ಬದಲು 1250 ಮತ್ತು 930ರಲ್ಲಿ ಮೀಥಿಲೀನ್‌ಡೈಆಕ್ಸಿಯ ಗುರುತು ನೋಡಿ. ಲಿಮೊನೀನ್ ಆದರೆ 887ರಲ್ಲಿ ಚೂಪಾದ, ಗಟ್ಟಿ ಪೀಕ್ ಇದೆಯಾ ನೋಡಿ, ಅದರ ಜೊತೆಗೆ 3070ರಲ್ಲಿ ಸಣ್ಣದೊಂದು. ಈ ಮೂರೂ ಸೇರಿ ಬಂದರೆ 1644 ಲಿಮೊನೀನ್‌ನದ್ದು.

ಎರಡನೇ ದಾರಿ ಇನ್ನೂ ಗಟ್ಟಿ. ಅದೇ ಸ್ಯಾಂಪಲ್‌ನಿಂದ ಎರಡು ಪೆಲೆಟ್ ಮಾಡಿ, ಒಂದರಲ್ಲಿ ಸ್ಯಾಂಪಲ್ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಸ್ಪೆಕ್ಟ್ರಂ ಅನ್ನು ಟ್ರಾನ್ಸ್‌ಮಿಟೆನ್ಸ್‌ನಿಂದ ಅಬ್ಸಾರ್ಬೆನ್ಸ್‌ಗೆ (ಹೀರಿದ ಬೆಳಕಿನ ಅಳತೆ) ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಒಂದೇ ಅಣುವಿನ ಪೀಕ್‌ಗಳ ನಡುವಿನ ಪ್ರಮಾಣ ಎರಡರಲ್ಲೂ ಒಂದೇ ಇರಬೇಕು. 1700ಕ್ಕೆ ಹೋಲಿಸಿದರೆ 2950 ಎರಡೂ ಕಡೆ ಅಷ್ಟೇ ಇದ್ದು, 3430 ಮಾತ್ರ ತನ್ನಿಷ್ಟಕ್ಕೆ ಏರಿಳಿದರೆ ಅದು ಆ ಅಣುವಿನದ್ದಲ್ಲ. ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ, ಆದರೆ ನನ್ನ ಮಟ್ಟಿಗೆ ಐಆರ್‌ನಲ್ಲಿ ಇದಕ್ಕಿಂತ ಉಪಯೋಗದ ಪರೀಕ್ಷೆ ಇನ್ನೊಂದಿಲ್ಲ.

ಒಂದು ತಿರುವು ಇದೆ. ನೀರಿನಿಂದ ಹರಳಾದ ಕೆಫೀನ್ ಹರಳಿನೊಳಗೇ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ಕೆಬಿಆರ್ ಎಷ್ಟೇ ಒಣಗಿದ್ದರೂ 3400 ಹೋಗುವುದಿಲ್ಲ. ಹರಳನ್ನು ಓವನ್‌ನಲ್ಲಿ 80ರಿಂದ 100 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಓಡಿಸಿ. ಶಾಖ ವಿಪರೀತ ಏರಿಸಿದರೆ ಕೆಫೀನ್ ಕರಗದೆಯೇ ಆವಿಯಾಗಿ ಓವನ್‌ನ ಗೋಡೆಗೆ ಅಂಟುತ್ತದೆ.

ಇನ್ನು ನಿಜವಾದ ಓಎಚ್, ಎನ್‌ಎಚ್ ಇದ್ದಾಗ ಹೇಗೆ ಕಾಣುತ್ತವೆ? ಆಲ್ಕೋಹಾಲ್‌ನ ಬ್ಯಾಂಡ್ ಸಾಮಾನ್ಯವಾಗಿ 3300ರ ಕಡೆ ವಾಲಿ ದುಂಡಗಿರುತ್ತದೆ. ಕಾರ್ಬಾಕ್ಸಿಲಿಕ್ ಆಮ್ಲದ್ದು 3300ರಿಂದ 2500ರವರೆಗೆ ಹರಡಿ ಸಿ-ಎಚ್ ಪೀಕ್‌ಗಳನ್ನೇ ನುಂಗುತ್ತದೆ, ಜೊತೆಗೆ 1710ರಲ್ಲಿ ಕಾರ್ಬೊನಿಲ್. ಪ್ರೈಮರಿ ಅಮೀನ್‌ಗೆ ಎರಡು ಕೊಂಬು, ಸೆಕೆಂಡರಿಗೆ ಒಂದು, ಟರ್ಷಿಯರಿಗೆ ಏನೂ ಇಲ್ಲ. ತೇವದ ಗುಡ್ಡದ ಮೇಲೆ ಈ ಕೊಂಬುಗಳು ಸಣ್ಣ ಚೂಪಾಗಿ ಕೂತಿರುವುದೂ ಉಂಟು, ಅದಕ್ಕೇ ಒಣಗಿಸಿ ಮತ್ತೆ ನೋಡಬೇಕು.

ಪೆಲೆಟ್ ಹಾಲಿನಂತೆ ಬೆಳ್ಳಗಾಗುತ್ತದೆ

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬ ನೀರೊಡೆಯುತ್ತದಲ್ಲ, ಕೆಬಿಆರ್ ಕಥೆಯೂ ಅದೇ. ಹಿಂದಿನ ರಾತ್ರಿಯೇ 110 ಡಿಗ್ರಿ ಓವನ್‌ನಲ್ಲಿಡಿ. ಬಿಸಿಯಾಗಿರುವಾಗಲೇ ಡೆಸಿಕೇಟರ್‌ಗೆ (ತೇವ ಸೇರದ ಮುಚ್ಚಿದ ಪಾತ್ರೆ) ಹಾಕಿ. ಬಾಟಲಿಯಿಂದ ನೇರ ಬಳಸುವುದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರೆತುಬಿಡಿ.

100ರಿಂದ 200 ಮಿಲಿಗ್ರಾಂ ಕೆಬಿಆರ್‌ಗೆ ಸ್ಯಾಂಪಲ್ ಒಂದೆರಡು ಮಿಲಿಗ್ರಾಂ ಸಾಕು. ಮೊದಲು ಸ್ಯಾಂಪಲನ್ನು ಮಾತ್ರ ಅಗೇಟ್ ಮಾರ್ಟರ್‌ನಲ್ಲಿ ನುಣ್ಣಗೆ ಅರೆಯಿರಿ. ಆಮೇಲೆ ಕೆಬಿಆರ್ ಸೇರಿಸಿ, ಬೇಗ ಬೇಗ ಬೆರೆಸಿ. ಕೆಬಿಆರ್ ಹಾಕಿದ ಮೇಲೆ ಐದು ನಿಮಿಷ ಅರೆಯುತ್ತಾ ಕೂತರೆ ಅಷ್ಟೂ ಹೊತ್ತು ಅದು ಗಾಳಿಯಿಂದ ನೀರು ಕುಡಿಯುತ್ತಿರುತ್ತದೆ. ಮಾರ್ಟರ್ ಮೇಲೆ ಬಗ್ಗಿ ಉಸಿರು ಬಿಡುವುದೂ ಬೇಡ. ಹತ್ತಿರ ಐಆರ್ ದೀಪ ಇದ್ದರೆ ಅದರಡಿ ಅರೆಯಿರಿ. ವ್ಯಾಕ್ಯೂಂ ಹಚ್ಚಿ 8ರಿಂದ 10 ಟನ್ ಒತ್ತಡ, ಒಂದೆರಡು ನಿಮಿಷ.

ಪೆಲೆಟ್ ನೋಡಿಯೇ ಅರ್ಧ ಕಾಯಿಲೆ ಹೇಳಬಹುದು. ಇಡೀ ಬಿಲ್ಲೆ ಮಂಜಾಗಿದ್ದರೆ ತೇವ, ಅಥವಾ ವ್ಯಾಕ್ಯೂಂ ಹಿಡಿದಿಲ್ಲ. ಬಿಳಿ ಚುಕ್ಕೆಗಳಿದ್ದರೆ ಅರೆದದ್ದು ಸಾಲದು. ಕಂದು ಚುಕ್ಕೆ ಬಂದರೆ ಡೈ (ಬಿಲ್ಲೆ ಒತ್ತುವ ಅಚ್ಚು) ತುಕ್ಕು ಹಿಡಿದಿದೆ. ಉಕ್ಕಿನ ಡೈ ಮೇಲೆ ಉಳಿದ ಕೆಬಿಆರ್ ಇಲ್ಲಿಯ ಹವೆಗೆ ಒಂದೇ ರಾತ್ರಿಯಲ್ಲಿ ತುಕ್ಕು ತರಿಸುತ್ತದೆ. ಸಂಜೆ ಮನೆಗೆ ಹೋಗುವ ಆತುರದಲ್ಲಿ ಡೈಯನ್ನು ಹಾಗೇ ಬಿಟ್ಟು ಹೋಗುವವರಿಗೆ ಈ ಮಾತು. ನೀರಿನಲ್ಲಿ ತೊಳೆದು, ಅಸಿಟೋನ್‌ನಲ್ಲಿ ಒರೆಸಿ, ಒಣಗಿಸಿ, ಡೆಸಿಕೇಟರ್‌ನಲ್ಲೇ ಇಡಿ.

ಆವಿ ಭಟ್ಟಿ ಇಳಿಸಿದ ಕಿತ್ತಳೆ ಎಣ್ಣೆ, ಏಲಕ್ಕಿ ಎಣ್ಣೆಯನ್ನು ಉಪ್ಪಿನ ಪ್ಲೇಟ್ ಮೇಲೆ ಹಾಕುವ ಮುಂಚೆ ಅನಾರ್ದ್ರ ಸೋಡಿಯಂ ಸಲ್ಫೇಟ್ ಹಾಕಿ ನೀರು ತೆಗೆಯಿರಿ. ಇಲ್ಲವಾದರೆ 3400 ಬರುವುದರ ಜೊತೆಗೆ ಪ್ಲೇಟೂ ಕೊರೆದು ಹೋಗುತ್ತದೆ. ಕಾಚಂಪುಳಿಯಂಥ (ಕೊಡಗಿನ ಅಡುಗೆಯ ಹುಳಿ) ನೀರಿನಂಶದ ದ್ರವವನ್ನು ಉಪ್ಪಿನ ಪ್ಲೇಟ್ ಹತ್ತಿರವೂ ತರಬೇಡಿ.

ವಜ್ರದ ಎಟಿಆರ್ (ಹರಳಿನ ಮೈಗೆ ಸ್ಯಾಂಪಲ್ ಒತ್ತಿ ಅಳೆಯುವ ಜೋಡಣೆ) ಇರುವ ಕಡೆ ಈ ರಾಮಾಯಣವೇ ಇಲ್ಲ. ಪುಡಿಯನ್ನು ಹರಳಿನ ಮೇಲಿಟ್ಟು ಒತ್ತಿದರೆ ಆಯಿತು. ಸಾಧ್ಯವಿದ್ದರೆ ಮಳೆಗಾಲಕ್ಕೆ ಅದನ್ನೇ ಬಳಸಿ. ಆದರೆ ಎಟಿಆರ್‌ನಲ್ಲಿ ಕೆಳಗಿನ ತರಂಗಸಂಖ್ಯೆಯ ಪೀಕ್‌ಗಳು ದೊಡ್ಡದಾಗಿ, 3000ದ ಮೇಲಿನವು ಚಿಕ್ಕದಾಗಿ ಕಾಣುತ್ತವೆ. ಕೆಬಿಆರ್‌ನಲ್ಲಿ ತೆಗೆದ ಹಳೇ ಸ್ಪೆಕ್ಟ್ರಂ ಪಕ್ಕ ಇಟ್ಟು “ಸಿ-ಎಚ್ ಮಾಯವಾಗಿದೆ” ಎಂದು ಗಾಬರಿ ಬೀಳಬೇಡಿ. 1900ರಿಂದ 2300ರವರೆಗೆ ವಜ್ರವೇ ಬೆಳಕು ಹೀರುತ್ತದೆ, ಅಲ್ಲಿ ಸ್ವಲ್ಪ ಗಲಾಟೆ ಇರುವುದು ಸಹಜ.

ಹುಲ್ಲು ಬೆಳೆದಂತೆ ಚೂಪು ಗೆರೆಗಳು, ಮತ್ತು 2350

3500ರಿಂದ 3900ರವರೆಗೆ, ಮತ್ತೆ 1300ರಿಂದ 1900ರವರೆಗೆ ಕೂದಲಿನಂತೆ ತೆಳು ಗೆರೆಗಳು ಬಂದರೆ ಅದು ಗಾಳಿಯಲ್ಲಿರುವ ನೀರಾವಿ. ದ್ರವ ನೀರು ಅಗಲವಾದ ಗುಡ್ಡ ಕೊಡುತ್ತದೆ, ಆವಿ ಹೀಗೆ ಬಿಡಿಬಿಡಿ ಗೆರೆ ಕೊಡುತ್ತದೆ. ಎರಡಕ್ಕೂ ಔಷಧಿ ಬೇರೆ. ಮೊದಲನೆಯದಕ್ಕೆ ಕೆಬಿಆರ್ ಒಣಗಿಸಬೇಕು, ಇದಕ್ಕೆ ಬ್ಯಾಕ್‌ಗ್ರೌಂಡ್ ಹೊಸದಾಗಿ ತೆಗೆಯಬೇಕು. ಬೆಳಿಗ್ಗೆ ತೆಗೆದ ಬ್ಯಾಕ್‌ಗ್ರೌಂಡ್ ಮಧ್ಯಾಹ್ನದ ಗಾಳಿಗೆ ಹೊಂದುವುದಿಲ್ಲ, ಅದರಲ್ಲೂ ನಡುವೆ ಒಂದು ಮಳೆ ಬಂದು ಹೋಗಿದ್ದರೆ.

ಚೇಂಬರ್ ಮುಚ್ಚಿ ಕೆಲವು ನಿಮಿಷ ಬಿಟ್ಟು ಓಡಿಸಿ. ಬ್ಯಾಕ್‌ಗ್ರೌಂಡ್‌ಗೂ ಸ್ಯಾಂಪಲ್‌ಗೂ ಅಷ್ಟೇ ಹೊತ್ತು ಕಾಯಿರಿ. ಒಣ ನೈಟ್ರೋಜನ್ ಹಾಯಿಸುವ ವ್ಯವಸ್ಥೆ ಇದ್ದರೆ ಬಹಳ ಒಳ್ಳೆಯದು. ಮತ್ತೊಂದು ವಿಷಯ, ಯಂತ್ರದ ಕೋಣೆಯಲ್ಲಿ ಒದ್ದೆ ರೈನ್‌ಕೋಟ್ ನೇತುಹಾಕಬೇಡಿ, ಕೊಡೆ ಬಿಚ್ಚಿ ಒಣಗಿಸಬೇಡಿ. ಕೋಣೆ ಬೆಚ್ಚಗಿರುತ್ತದೆ, ಬೇಗ ಒಣಗುತ್ತದೆ ಎಂದು ಎಲ್ಲರೂ ಅಲ್ಲಿಗೇ ತರುತ್ತಾರೆ. ಆ ನೀರೆಲ್ಲ ಹೋಗುವುದು ಎಲ್ಲಿಗೆ?

2360, 2340ರ ಜೋಡಿ ಇಂಗಾಲದ ಡೈಆಕ್ಸೈಡ್‌ನದು, 667ರಲ್ಲೂ ಅದರದ್ದೊಂದು ಇದೆ. ನಾಲ್ಕು ಜನ ಯಂತ್ರದ ಮೇಲೆ ಬಗ್ಗಿ ನಿಂತರೆ ಅದು ಏರುತ್ತದೆ. ನೈಟ್ರೈಲ್ ಎಂದು ಬರೆದುಬಿಡುವವರಿದ್ದಾರೆ. ನೈಟ್ರೈಲ್ 2250ರ ಹತ್ತಿರ, ಒಂದೇ ಚೂಪು ಪೀಕ್. ಇದು 100 ಅಂಕ ಮೇಲೆ, ಜೋಡಿ ತಲೆ. ಖಾಲಿ ಚೇಂಬರ್‌ನಲ್ಲೂ ಬಂದರೆ ಮಾತು ಮುಗಿಯಿತು.

ಪೀಕ್‌ಗಳು ತಲೆಕೆಳಗಾಗಿವೆ

ಬ್ಯಾಕ್‌ಗ್ರೌಂಡ್ ತೆಗೆಯುವಾಗ ಇದ್ದದ್ದು ಸ್ಯಾಂಪಲ್ ಓಡಿಸುವಾಗ ಇಲ್ಲ, ಅಷ್ಟೇ. ಎಟಿಆರ್‌ನಲ್ಲಿ ಹಿಂದಿನವರ ಸ್ಯಾಂಪಲ್ ಸರಿಯಾಗಿ ಒರೆಸದೆ ಬ್ಯಾಕ್‌ಗ್ರೌಂಡ್ ತೆಗೆದಿರುತ್ತೀರಿ. ಇಲ್ಲವೇ ಒರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್ ಆರುವ ಮುಂಚೆಯೇ ಬಟನ್ ಒತ್ತಿರುತ್ತೀರಿ. ಇಲ್ಲಿಯ ಚಳಿಗೆ ಅದು ಆರಲು ಹೊತ್ತು ಜಾಸ್ತಿ ಬೇಕು.

ಬೇಸ್‌ಲೈನ್ ವಾಲಿದೆ, ಪೀಕ್ ಮೊಂಡಾಗಿದೆ

4000ದ ಕಡೆ ಗೆರೆ ಕುಸಿದು, ಕೆಳಗಿನ ಕಡೆ ಸರಿಯಾಗಿದ್ದರೆ ಕಣಗಳು ದಪ್ಪ, ಬೆಳಕು ಚದುರುತ್ತಿದೆ. ಇನ್ನಷ್ಟು ಅರೆಯಿರಿ. ಪೀಕ್‌ನ ತುದಿ ಸೊನ್ನೆಗೆ ಬಡಿದು ಚಪ್ಪಟೆಯಾಗಿದ್ದರೆ ಸ್ಯಾಂಪಲ್ ಜಾಸ್ತಿಯಾಗಿದೆ. ಚಪ್ಪಟೆ ಪೀಕ್‌ನ ಜಾಗ ಓದಲು ಹೋಗಬೇಡಿ, ಆ ಸಂಖ್ಯೆಗೆ ಅರ್ಥವಿಲ್ಲ. ಪ್ಲಾಸ್ಟಿಕ್ ಫಿಲ್ಮ್‌ನಲ್ಲಿ ಗೆರೆ ಅಲೆಅಲೆಯಾಗಿ ಬಂದರೆ ಅದು ಫಿಲ್ಮ್‌ನ ಎರಡು ಮೈಗಳ ನಡುವೆ ಬೆಳಕು ಪ್ರತಿಫಲಿಸುವುದರಿಂದ, ರಸಾಯನಶಾಸ್ತ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ಇರಬಾರದ ಕಾರ್ಬೊನಿಲ್

ನೀರಿನ ನಂತರದ ಕಳ್ಳ ದ್ರಾವಕ. 1715ರ ಜೊತೆ 1360, 1220 ಬಂದರೆ ಗಾಜು ತೊಳೆದ ಅಸಿಟೋನ್. 1740, 1240 ಬಂದರೆ ಈಥೈಲ್ ಅಸಿಟೇಟ್ ಪೂರ್ತಿ ಹೋಗಿಲ್ಲ. 1265, 740 ಡೈಕ್ಲೋರೋಮೀಥೇನ್‌ನದು, ಕೆಫೀನ್ ಪ್ರಯೋಗದಲ್ಲಿ ಇದನ್ನು ಮೊದಲು ನೋಡಿ. 1260, 1100ರಿಂದ 1020ರ ಅಗಲ ಜೋಡಿ, ಮತ್ತೆ 800 ಇದ್ದರೆ ಗಾಜಿನ ಕೀಲಿಗೆ ಹಚ್ಚಿದ ಸಿಲಿಕೋನ್ ಗ್ರೀಸ್. 1727ರ ಆಸುಪಾಸು, 1275, 1120 ಒಟ್ಟಿಗೆ ಕಂಡರೆ ಪ್ಲಾಸ್ಟಿಕ್ ಕೊಳವೆಯಿಂದಲೋ ಮುಚ್ಚಳದಿಂದಲೋ ಇಳಿದ ಥ್ಯಾಲೇಟ್.

ಏಲಕ್ಕಿ ಎಣ್ಣೆಯಲ್ಲಿ ಇದು ಗೋಜಲಾಗುತ್ತದೆ. ಅದರಲ್ಲಿ ಟರ್ಪಿನೈಲ್ ಅಸಿಟೇಟ್ ಇರುವುದರಿಂದ 1735ರ ಹತ್ತಿರ ನಿಜವಾದ ಎಸ್ಟರ್ ಕಾರ್ಬೊನಿಲ್ ಇದ್ದೇ ಇದೆ. ಅದರ ಪಕ್ಕ 1715ರಲ್ಲಿ ಭುಜದಂತೆ ಉಬ್ಬಿದ್ದರೆ ಮಾತ್ರ ಅಸಿಟೋನ್ ಬಗ್ಗೆ ಅನುಮಾನಪಡಿ. ಕಿತ್ತಳೆ ಎಣ್ಣೆಯಲ್ಲಿ 1675ರಲ್ಲಿ ಪೀಕ್ ಬಂದು, ಎಷ್ಟು ಒಣಗಿಸಿದರೂ 3400 ಹೋಗದಿದ್ದರೆ ಎಣ್ಣೆ ಹಳತಾಗಿದೆ. ಲಿಮೊನೀನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಾರ್ವೋನ್, ಕಾರ್ವಿಯೋಲ್ ಆಗಿರುತ್ತದೆ. ಇಲ್ಲಿ ಆ ಓಎಚ್ ನಿಜದ್ದು! ಕಳೆದ ವರ್ಷದ ಸೀನಿಯರ್ ಬಿಟ್ಟು ಹೋದ ಬಾಟಲಿ ಬೇಡ, ಹೊಸದಾಗಿ ಸಿಪ್ಪೆ ತನ್ನಿ.

ಕಾರ್ಬೊನಿಲ್ ಇದೆ, ಆದರೆ ಚಾರ್ಟಿನ ಸಂಖ್ಯೆಗೆ ಕೂರುತ್ತಿಲ್ಲ ಅನ್ನುವ ದೂರೂ ಬರುತ್ತದೆ. ಚಾರ್ಟಿನ 1715 ಸಾದಾ ಕೀಟೋನ್‌ಗೆ. ಪಕ್ಕದಲ್ಲಿ ಸಿ=ಸಿ ಅಥವಾ ಬೆಂಜೀನ್ ಉಂಗುರ ಇದ್ದರೆ 20ರಿಂದ 40 ಇಳಿಯುತ್ತದೆ. ಐದು ಪರಮಾಣುಗಳ ಉಂಗುರದೊಳಗೆ ಸಿಕ್ಕಿಕೊಂಡರೆ 30ರಷ್ಟು ಏರುತ್ತದೆ. ಆಲ್ಡಿಹೈಡ್ ಎಂದು ಹೇಳಬೇಕಾದರೆ 2720ರ ಸಣ್ಣ ಪೀಕ್ ತೋರಿಸಿ, ಬರೀ 1725 ಸಾಲದು.

ಮದ್ದು ಸೊಪ್ಪಿನ ಕಷಾಯ

ಪ್ರತಿ ವರ್ಷ ಕಕ್ಕಡ 18 (ಕೊಡವ ತಿಂಗಳು ಕಕ್ಕಡದ ಹದಿನೆಂಟನೇ ದಿನ, ಆಗಸ್ಟ್ ಆರಂಭದಲ್ಲಿ ಮದ್ದು ಸೊಪ್ಪು ತಿನ್ನುವ ದಿನ) ಕಳೆದ ಮೇಲೆ ಯಾರಾದರೂ ಆ ಔಷಧಿ ಸೊಪ್ಪಿನ ನೇರಳೆ ರಸ ತಂದು “ಇದರಲ್ಲಿ ಏನೇನಿದೆ, ಐಆರ್‌ನಲ್ಲಿ ನೋಡೋಣ” ಅನ್ನುತ್ತಾರೆ. ಸ್ಪೆಕ್ಟ್ರಂ ಬರುತ್ತದೆ. 3400, 2920, 1640, 1400, 1050. ವರದಿಯಲ್ಲಿ ಆಲ್ಕೋಹಾಲ್, ಆಲ್ಕೇನ್, ಅಮೈಡ್, ಈಥರ್ ಎಂದು ಟೇಬಲ್ ಬರುತ್ತದೆ. ತೋಟದ ಯಾವ ಎಲೆ ಹಿಂಡಿದರೂ ಹೆಚ್ಚುಕಡಿಮೆ ಇದೇ ಟೇಬಲ್. ನೀರು, ಸಕ್ಕರೆ, ಪ್ರೋಟೀನ್ ಎಲ್ಲಾ ಸೇರಿದರೆ ಹೀಗೆಯೇ ಕಾಣುತ್ತದೆ.

ಇದು ಯಂತ್ರದ ದೋಷವಲ್ಲ, ಕೇಳಿದ ಪ್ರಶ್ನೆಯ ದೋಷ. ನೂರಾರು ಸಂಯುಕ್ತಗಳ ಕಷಾಯದಲ್ಲಿ ಯಾವ ಪೀಕ್ ಯಾರದ್ದು ಎಂದು ಐಆರ್ ಹೇಳಲಾರದು. ಕ್ರೊಮ್ಯಾಟೋಗ್ರಫಿ ಕಾಲಂನಲ್ಲಿ ಬೇರ್ಪಡಿಸಿ, ಟಿಎಲ್‌ಸಿ (ತೆಳು ಪದರದ ಕ್ರೊಮ್ಯಾಟೋಗ್ರಫಿ) ಪ್ಲೇಟ್ ಮೇಲೆ ಒಂದೇ ಚುಕ್ಕೆ ಬಂದ ಭಾಗವನ್ನು ಒಣಗಿಸಿ ತಂದರೆ ಮಾತ್ರ ಗುಂಪು ಗುರುತಿಸಬಹುದು.

ಯಂತ್ರದ್ದೇ ತೊಂದರೆ ಆದಾಗ

ಎನರ್ಜಿ (ಯಂತ್ರ ತೋರಿಸುವ ಬೆಳಕಿನ ಬಲ) ದಿನೇ ದಿನೇ ಇಳಿಯುತ್ತಿದ್ದರೆ, ಖಾಲಿ ಗೆರೆಯೇ ನಡುಗುತ್ತಿದ್ದರೆ ಒಳಗಿನ ಬೀಮ್‌ಸ್ಪ್ಲಿಟರ್ (ಬೆಳಕನ್ನು ಎರಡಾಗಿ ಸೀಳುವ ಬಿಲ್ಲೆ) ಬಗ್ಗೆ ಯೋಚಿಸಿ. ಹೆಚ್ಚಿನ ಯಂತ್ರಗಳಲ್ಲಿ ಅದೂ ಕೆಬಿಆರ್‌ನದ್ದೇ. ಒಮ್ಮೆ ಮಂಜಾದರೆ ಒರೆಸಿ ಸರಿಮಾಡಲಾಗುವುದಿಲ್ಲ, ಬದಲಿಸಬೇಕು, ಅದು ದುಬಾರಿ. ಆದ್ದರಿಂದ ಮಳೆಗಾಲದಲ್ಲಿ ರಜೆ ಇದ್ದರೂ ಯಂತ್ರ ಆರಿಸಬೇಡಿ. ಒಳಗಿನ ಸಣ್ಣ ಬಿಸಿಯೇ ಅದಕ್ಕೆ ಕಾವಲು. ಮರ ಬಿದ್ದು ಲೈನ್ ಹೋಗುವ ಊರು ನಮ್ಮದು, ಯುಪಿಎಸ್ ಇಲ್ಲದೆ ಇದು ನಡೆಯುವುದಿಲ್ಲ. ಕರೆಂಟ್ ಬಹಳ ದಿನ ಹೋದರೆ ಚೇಂಬರ್‌ನೊಳಗೆ ಸಿಲಿಕಾ ಜೆಲ್ ಬಟ್ಟಲಿಟ್ಟು ಬಿಗಿಯಾಗಿ ಮುಚ್ಚಿ.

ಸಿಲಿಕಾ ಜೆಲ್‌ನ ಬಣ್ಣ ವಾರಕ್ಕೊಮ್ಮೆ ನೋಡಿ. ನೀಲಿಯದು ಗುಲಾಬಿಯಾದರೆ, ಕಿತ್ತಳೆ ಬಣ್ಣದ್ದು ಹಸಿರಾದರೆ ಅದರ ಕೆಲಸ ಮುಗಿದಿದೆ. ತೆಗೆದು 120 ಡಿಗ್ರಿ ಓವನ್‌ನಲ್ಲಿ ಒಣಗಿಸಿ ಮತ್ತೆ ಹಾಕಿ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬರುವುದು ಜುಲೈಯಲ್ಲಿ ಬೇಗನೆ ಸೋಲುತ್ತದೆ.

ಪಾಲಿಸ್ಟೈರೀನ್‌ನ 1601 ಬೇರೆ ಜಾಗಕ್ಕೆ ಸರಿದಿದ್ದರೆ, ಅಥವಾ ಲೇಸರ್ ಹತ್ತದೆ ಸ್ಕ್ಯಾನ್ ಶುರುವೇ ಆಗದಿದ್ದರೆ ಸರ್ವಿಸ್ ಎಂಜಿನಿಯರ್‌ಗೆ ಫೋನ್ ಮಾಡಿ. ಅವರು ಬೆಂಗಳೂರಿನಿಂದ ಘಾಟಿ ಹತ್ತಿ ಬರಬೇಕು, ಮಳೆ ಜೋರಿದ್ದರೆ ಇನ್ನೂ ತಡ. ಫೋನ್ ಮಾಡುವ ಮುಂಚೆ ಖಾಲಿ ಚೇಂಬರ್, ಬರೀ ಪೆಲೆಟ್, ಪಾಲಿಸ್ಟೈರೀನ್ ಇವುಗಳ ಪ್ರಿಂಟ್ ತೆಗೆದು, ಎನರ್ಜಿ ಸಂಖ್ಯೆ ಬರೆದು, ಸಾಧ್ಯವಾದರೆ ಬೇಸಿಗೆಯಲ್ಲಿ ತೆಗೆದ ಅದೇ ಮೂರು ಪ್ರಿಂಟ್‌ಗಳ ಜೊತೆ ಕಳಿಸಿ. ಯಾವ ಭಾಗ ತರಬೇಕೆಂದು ಅವರು ಅಲ್ಲಿಂದಲೇ ನಿರ್ಧರಿಸಬಹುದು.